ರಕ್ಷೆಯೂ ಸ್ವಾತಂತ್ರ್ಯವೂ

ಯಂತ್ರವನ್ನು ರಚಿಸುವವನು ಅದನ್ನು ಬಳಸುವವನ ಕೈಯನ್ನು ಎಷ್ಟರಮಟ್ಟಿಗೆ ಕಟ್ಟಬಹುದು, ಎಷ್ಟರಮಟ್ಟಿಗೆ ಬಿಡಬೇಕು ಎಂಬ ಪ್ರಶ್ನೆಯು ಮೇಲ್ನೋಟಕ್ಕೆ ಬರಿಯ ಕುಶಲಕರ್ಮಿಯ ಪ್ರಶ್ನೆಯಂತೆ ತೋರುವುದು. ಸ್ವಲ್ಪ ಆಳಕ್ಕಿಳಿದು ವಿಚಾರಿಸಿದರೆ ಅದು ಧರ್ಮವಿಚಾರಕ್ಕೆ ಸೇರಿದುದೆಂಬುದು ತಿಳಿದುಬರುವುದು. ತಂದೆಯು ಮಗನ ಕೈಹಿಡಿದು ತಡೆಯುವುದೂ, ವೈದ್ಯನು ರೋಗಿಗೆ ಪಥ್ಯವನ್ನು ವಿಧಿಸುವುದೂ, ದೊರೆಯು ಪ್ರಜೆಗೆ ಕಟ್ಟಳೆಯನ್ನು ಹಾಕುವುದೂ ಯಾವ ಸಂದೇಹವನ್ನು ಎಬ್ಬಿಸುತ್ತವೆಯೋ ಇದೂ ಅದನ್ನೇ ಎಬ್ಬಿಸುತ್ತದೆ. ಒಬ್ಬನ ಹಿತಕ್ಕಾಗಿಯೇ ಅವನ ಇಚ್ಛೆಯನ್ನು ತಡೆಯುವ ಅಧಿಕಾರವು ಮತ್ತೊಬ್ಬನಿಗೆ ಎಲ್ಲಿಂದ ಬಂದಿತು? ಆ ಅಧಿಕಾರಕ್ಕೆ ಮೇರೆ ಯಾವುದು?

ಈ ವಿಚಾರಕ್ಕೆ ಚಿತ್ತಾಪುರ ತಾಲ್ಲೂಕಿನ ವಾಡಿ ಜಂಕ್ಷನ್ನು ತಕ್ಕ ಸ್ಥಳವಾಗಿದೆ. ಮುಂಬಯಿಯ ಕಡೆಯಿಂದ ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯು ಶಹಾಬಾದ, ವಾಡಿಗಳನ್ನು ಹಾದು ೧೮೭೧ರಲ್ಲಿ ರಾಯಚೂರಿನಲ್ಲಿ ಮದರಾಸು ರೈಲ್ವೆಯನ್ನು ಕೂಡಿತು. ೧೮೭೪ರಲ್ಲಿ ನಿಜಾಮ ಸಂಸ್ಥಾನದ ರೈಲುದಾರಿಯು ಸಿಕಂದರಾಬಾದಿನಿಂದ ಹೊರಟು ಸೇಡಂ, ಚಿತ್ತಾಪುರಗಳ ಮೇಲೆ ಬಂದು ವಾಡಿಯಲ್ಲಿ ಆ ದಾರಿಗೆ ಸೇರಿತು. ಎರಡು ದಾರಿಗಳು ಕೂಡುವೆಡೆಯಲ್ಲಿ ಎರಡು ಗಾಡಿಗಳು ಒಂದೇ ಹಳಿಗೆ ಬರುವ ಸಂಭವವೂ ಇದ್ದೇ ಇರುವುದು. ಆದುದರಿಂದ ಜಂಕ್ಷನ್ನಿನಲ್ಲಿ ಸಿಗ್ನಲ್ ಕೊಡುವವನ ಕೈತಪ್ಪು ಅವನೊಬ್ಬನ ಕೈತಪ್ಪಾಗಿ ಉಳಿಯುವುದಿಲ್ಲ. ನೂರಾರು ಮಂದಿ ಅದರ ಫಲವನ್ನು ಉಣ್ಣಬೇಕಾಗುವುದು.

ರೈಲುಗಳ ಮೊದಲ ಕಾಲದಲ್ಲಿ ಈ ಕೈತಪ್ಪನ್ನು ತಡೆಯಲು ಇದ್ದ ಉಪಾಯವೆಂದರೆ ನಿಯಮದ ಪುಸ್ತಕವೊಂದೇ. ‘ವಿರುದ್ಧವಾದ ಎರಡು ದಾರಿಗಳಿಗೆ ಒಮ್ಮೆಗೇ ಸಿಗ್ನಲ್ ಕೊಡಕೂಡದು’ ಎಂದು ಪುಸ್ತಕವು ಹೇಳುತ್ತಿತ್ತು. ನಿದ್ದೆಗೆಟ್ಟ ಮನುಷ್ಯನು ಕೊಟ್ಟುಬಿಡುತ್ತಿದ್ದನು. ಇಂಗ್ಲೆಂಡಿನ ಜಾನ್ ಸ್ಯಾಕ್ಸ್‌ಬಿ ಎಂಬಾತನು ೧೮೫೬ರಲ್ಲಿ ಪಾಯಿಂಟುಗಳ ಮತ್ತು ಸಿಗ್ನಲ್‌ಗಳ ಲಿವರುಗಳನ್ನು ಒಂದಕ್ಕೊಂದು ಬಂಧಿಸುವ ಯಂತ್ರಕ್ಕೆ ಪೇಟೆಂಟು ಪಡೆದನು. ಇದನ್ನೇ ಇಂಟರ್‌ಲಾಕಿಂಗ್ ಎನ್ನುವರು. ಒಂದು ದಾರಿಗೆ ಸಿಗ್ನಲ್ ಕೊಟ್ಟೊಡನೆ ಅದಕ್ಕೆ ಎದುರಾದ ದಾರಿಯ ಲಿವರು ಕಬ್ಬಿಣದ ಪಟ್ಟಿಗಳ ಹಿಡಿತಕ್ಕೆ ಸಿಕ್ಕಿಬಿಡುವುದು. ಎಷ್ಟು ಬಲವಾಗಿ ಎಳೆದರೂ ಕದಲದು. ಬ್ರಿಟನ್ನಿನಲ್ಲಿ ೧೮೮೯ರ ಕಾಯಿದೆಯು ಇದನ್ನು ಕಡ್ಡಾಯ ಮಾಡಿತು; ಕ್ರಮೇಣ ಭಾರತದ ರೈಲುಗಳಲ್ಲಿಯೂ ಇದು ನೆಲೆಗೊಂಡಿತು. ಪುಸ್ತಕವು ‘ಮಾಡಕೂಡದು’ ಎಂದಿದ್ದುದನ್ನು ಕಬ್ಬಿಣವು ‘ಮಾಡಲಾಗದು’ ಎಂದು ಬದಲಾಯಿಸಿತು.

‘ಕೂಡದು’ ಎಂಬುದಕ್ಕೂ ‘ಆಗದು’ ಎಂಬುದಕ್ಕೂ ಇರುವ ಅಂತರವು ಬಹು ದೊಡ್ಡದು. ‘ಕೂಡದು’ ಎನ್ನುವ ಕಟ್ಟಳೆಯು ಮನುಷ್ಯನ ಬುದ್ಧಿಯೊಡನೆ ಮಾತನಾಡುವುದು. ಅವನು ಅದನ್ನು ಮೀರಬಲ್ಲನು. ಮೀರಿದರೆ ದಂಡಕ್ಕೆ ಗುರಿಯಾಗುವನು. ಆದರೆ ತಕ್ಕ ಕಾರಣವಿದ್ದು ಮೀರಿದನೆಂದು ತೋರಿಸಿದರೆ ನ್ಯಾಯಾಧೀಶನು ಕ್ಷಮಿಸಲೂ ಬಹುದು. ‘ಆಗದು’ ಎನ್ನುವ ಯಂತ್ರಕ್ಕೆ ಕಿವಿಯಿಲ್ಲ. ಅದರ ಮುಂದೆ ಕಾರಣವನ್ನು ನಿವೇದಿಸಿಕೊಳ್ಳುವಂತಿಲ್ಲ. ಹೀಗಿರಲಾಗಿ, ಯಂತ್ರದಲ್ಲಿ ಒಂದು ತಡೆಯನ್ನು ಇಡುವವನು ಶಾಸನಕರ್ತನಿಗಿಂತಲೂ ಹೆಚ್ಚಿನ ಅಧಿಕಾರವನ್ನು ಕೈಗೊಂಡವನಾಗುತ್ತಾನೆ. ಶಾಸನಕರ್ತನಿಗೆ ಸಭೆಯುಂಟು, ವಾದವುಂಟು, ಮೇಲ್ಮನವಿಯುಂಟು. ಇವನಿಗಾದರೋ ಬಹುಮಟ್ಟಿಗೆ ಅವೊಂದೂ ಇಲ್ಲ.

ಗಣಕಯಂತ್ರಕ್ಕೆ ಹೀಗೆ ಮಾಡು, ಹಾಗೆ ಮಾಡಬೇಡವೆಂದು ವಿಧಿಸುವ ಆಜ್ಞಾವಳಿಗೆ ತಂತ್ರಾಂಶವೆಂದು ಹೆಸರು. ಕ್ಯಾಬಿನ್ನಿನ ಕಬ್ಬಿಣದ ಪಟ್ಟಿಗಳು ಮಾಡುತ್ತಿದ್ದ ಕೆಲಸವನ್ನು ಈಗ ಅನೇಕ ಸ್ಟೇಷನ್ನುಗಳಲ್ಲಿ ತಂತ್ರಾಂಶವೇ ಮಾಡುತ್ತಿದೆ. ರೈಲಿನ ಮಾತು ಹಾಗಿರಲಿ, ಬ್ಯಾಂಕಿನ ಲೆಕ್ಕ, ಪಡಿತರ, ಪತ್ರವ್ಯವಹಾರ, ಪೇಟೆಯ ಧಾರಣೆ ಇವೆಲ್ಲವೂ ಇಂದು ತಂತ್ರಾಂಶದ ಬಾಗಿಲನ್ನು ಹಾದುಹೋಗತಕ್ಕವಾಗಿವೆ. ಅಂದಮೇಲೆ ಬಳಸುವವನ ಸ್ವಾತಂತ್ರ್ಯಕ್ಕೂ ರಕ್ಷೆಗೂ ನಡುವೆ ತಕ್ಕಡಿಯನ್ನು ಹಿಡಿಯುವ ಕೆಲಸವು ಪರದೇಶದ ಯಾವುದೋ ಪಂಡಿತರ ಗೋಷ್ಠಿಗೆ ಮೀಸಲಾದುದಲ್ಲ. ಸೇಡಂ, ಚಿಂಚೋಳಿಗಳ ಸಾಮಾನ್ಯ ಸಂಸಾರಿಗೂ ಅದು ಸಂಬಂಧಪಟ್ಟಿದೆ.

ಈ ಸೀಮೆಯ ರೈಲುದಾರಿಯೇ ಇದಕ್ಕೆ ಒಳ್ಳೆಯ ನಿದರ್ಶನವನ್ನು ಒದಗಿಸಿದೆ. ಭಾರತೀಯ ರೈಲ್ವೆಯವರು ದೇಶದಲ್ಲಿಯೇ ರೂಪಿಸಿದ ‘ಕವಚ’ವೆಂಬ ರಕ್ಷಣಾವ್ಯವಸ್ಥೆಯನ್ನು ಮೊದಲಲ್ಲಿ ಪ್ರಯೋಗಿಸಿ ನೋಡಿದುದು ಲಿಂಗಂಪಲ್ಲಿಯಿಂದ ವಿಕಾರಾಬಾದ್ ಮೇಲೆ ವಾಡಿಗೆ ಬರುವ ದಾರಿಯಲ್ಲಿ ಮತ್ತು ವಿಕಾರಾಬಾದಿನಿಂದ ಬೀದರಿಗೆ ಹೋಗುವ ದಾರಿಯಲ್ಲಿ, ಒಟ್ಟು ಸುಮಾರು ೨೫೦ ಕಿಲೋಮೀಟರು. ಸೇಡಂ, ಮಳಖೇಡ ರೋಡ್, ಚಿತ್ತಾಪುರ ಸ್ಟೇಷನ್ನುಗಳು ಈ ದಾರಿಯಲ್ಲಿಯೇ ಬರುತ್ತವೆ. ಪ್ರಯಾಣಿಕರ ಗಾಡಿಗಳ ಮೇಲೆ ಪರೀಕ್ಷೆಯು ೨೦೧೬ರ ಫೆಬ್ರವರಿಯಲ್ಲಿ ಮೊದಲಾಯಿತು. ೨೦೨೦ರ ಜುಲೈಯಲ್ಲಿ ಇದನ್ನು ರಾಷ್ಟ್ರೀಯ ವ್ಯವಸ್ಥೆಯೆಂದು ಅಂಗೀಕರಿಸಲಾಯಿತು. ೨೦೨೨ರ ಮಾರ್ಚ್ ೪ರಂದು, ಇದೇ ದಾರಿಯ ಪೂರ್ವಭಾಗದ ಗುಲ್ಲಗೂಡ–ಚಿಟಗಿದ್ದ ಸ್ಟೇಷನ್ನುಗಳ ನಡುವೆ, ರೈಲ್ವೆ ಮಂತ್ರಿಗಳ ಸಮಕ್ಷಮದಲ್ಲಿ ಎರಡು ಎಂಜಿನುಗಳನ್ನು ಒಂದೇ ಹಳಿಯ ಮೇಲೆ ಎದುರುಬದುರಾಗಿ ಬಿಟ್ಟರು. ಕವಚವು ತಾನಾಗಿಯೇ ಬ್ರೇಕು ಹಾಕಿ ಅವನ್ನು ೩೮೦ ಮೀಟರುಗಳ ಅಂತರದಲ್ಲಿ ನಿಲ್ಲಿಸಿತು.

ಕವಚವು ಕೆಲಸಮಾಡುವ ಬಗೆಯನ್ನು ಗಮನಿಸಬೇಕು. ಹಳಿಗಳ ನಡುವೆ ಇಟ್ಟ ಗುರುತುಪಟ್ಟಿಗಳಿಂದ ಎಂಜಿನು ತಾನೆಲ್ಲಿದ್ದೇನೆಂದು ಅರಿಯುವುದು. ಸ್ಟೇಷನ್ನಿನ ಯಂತ್ರವು ರೇಡಿಯೋ ಮೂಲಕ ಮುಂದಿನ ಸಿಗ್ನಲಿನ ಸ್ಥಿತಿಯನ್ನು ತಿಳಿಸುವುದು. ಚಾಲಕನು ವೇಗವನ್ನು ಮೀರಿದರೆ ಮೊದಲು ಎಚ್ಚರಿಸುವುದು. ಅವನು ಓಗೊಡದಿದ್ದರೆ ಬ್ರೇಕನ್ನು ತಾನೇ ಹಾಕುವುದು. ಕೆಂಪು ಸಿಗ್ನಲನ್ನು ದಾಟಗೊಡದು. ಆದರೆ ಅದರ ರಚನೆಯಲ್ಲಿ ಬೇರೆ ಎರಡು ಅಂಶಗಳೂ ಇವೆ. ಸಿಗ್ನಲ್ ಕೆಟ್ಟುನಿಂತಾಗ ಅಧಿಕೃತ ಅನುಮತಿಯನ್ನು ಪಡೆದು ಕೆಂಪನ್ನು ದಾಟಬೇಕಾದ ಪ್ರಸಂಗಕ್ಕಾಗಿ ‘ಓವರ್‌ರೈಡ್’ ಎಂಬ ಒಂದು ಸ್ಥಿತಿಯುಂಟು. ದಾರಿಯ ಸಮಾಚಾರವು ಯಂತ್ರಕ್ಕೆ ದೊರೆಯದಿದ್ದಾಗ ‘ಸ್ಟಾಫ್ ರೆಸ್ಪಾನ್ಸಿಬಲ್’, ಎಂದರೆ ‘ಹೊಣೆಯು ಸಿಬ್ಬಂದಿಯದು’, ಎಂಬ ಇನ್ನೊಂದು ಸ್ಥಿತಿಯುಂಟು. ಇದಲ್ಲದೆ ಅಪಾಯವನ್ನು ಕಂಡ ಚಾಲಕನಾಗಲಿ ಸ್ಟೇಷನ್ ಮಾಸ್ತರನಾಗಲಿ ಒಂದು ಸಂಕೇತವನ್ನು ಕಳುಹಿಸಿ ಸಮೀಪದ ಗಾಡಿಗಳನ್ನು ನಿಲ್ಲಿಸಬಹುದು. ಇಷ್ಟು ಕಟ್ಟುನಿಟ್ಟಾದ ಯಂತ್ರವೂ ಮನುಷ್ಯನನ್ನು ಪೂರ್ಣವಾಗಿ ಹೊರಗಟ್ಟಿಲ್ಲವೆಂಬುದು ಇದರಿಂದ ವಿಶದವಾಗುವುದು.

ಈ ವಿಷಯದಲ್ಲಿ ಎರಡು ಪಕ್ಷಗಳುಂಟು. ಮೊದಲನೆಯ ಪಕ್ಷದವರು ಹೇಳುವುದೇನೆಂದರೆ: ಮನುಷ್ಯನು ಸ್ವಭಾವತಃ ಮರೆಯುವವನು, ದಣಿಯುವವನು, ಮೋಸಹೋಗುವವನು, ಯಂತ್ರವು ಮರೆಯದು, ದಣಿಯದು, ಆದುದರಿಂದ ಅಪಾಯವುಳ್ಳ ಪ್ರತಿಯೊಂದು ಕ್ರಿಯೆಗೂ ಬೀಗವನ್ನು ಹಾಕಿ ಬೀಗದ ಕೈಯನ್ನು ರಚಿಸಿದವನೇ ಇಟ್ಟುಕೊಳ್ಳುವುದು ಕ್ಷೇಮ. ಎರಡನೆಯ ಪಕ್ಷದವರ ಮತವಿದು: ಪ್ರಾಯಕ್ಕೆ ಬಂದ ಮನುಷ್ಯನು ತನ್ನ ಹಿತಾಹಿತಗಳಿಗೆ ತಾನೇ ಒಡೆಯನು, ಹಣ ಕೊಟ್ಟು ಕೊಂಡ ವಸ್ತುವು ಅವನದು, ಎಚ್ಚರಿಕೆಯ ಮಾತನ್ನು ಹೇಳಿ ದಾರಿ ಬಿಡುವುದಷ್ಟೇ ರಚಿಸಿದವನ ಕರ್ತವ್ಯ. ಎರಡರಲ್ಲಿಯೂ ಸತ್ಯಾಂಶವಿದೆ. ಯಾವುದೊಂದನ್ನೂ ಪೂರ್ತಿಯಾಗಿ ಅನುಸರಿಸಿದರೆ ಕೇಡುಂಟೆಂಬುದಕ್ಕೆ ನಡೆದ ಸಂಗತಿಗಳೇ ಸಾಕ್ಷಿಯಾಗಿವೆ.

ಮೊದಲನೆಯ ಪಕ್ಷವನ್ನು ಪರೀಕ್ಷಿಸುವಾ. ೨೦೨೩ರ ಫೆಬ್ರವರಿ ೮ರಂದು ಬೀರೂರು–ಚಿಕ್ಕಜಾಜೂರು ದಾರಿಯ ಹೊಸದುರ್ಗ ರೋಡ್ ಸ್ಟೇಷನ್ನಿನಲ್ಲಿ ಸಂಪರ್ಕ ಕ್ರಾಂತಿ ಎಕ್ಸ್‌ಪ್ರೆಸ್ ಗಾಡಿಗೆ ಸರಿಯಾದ ದಾರಿಯ ಸಿಗ್ನಲ್ ಬಿದ್ದಿತ್ತು. ಆದರೆ ಪಾಯಿಂಟು ಬೇರೊಂದು ಹಳಿಗೆ ತಿರುಗಿಕೊಂಡಿತ್ತು. ರಿಪೇರಿಯ ಕಾಲದಲ್ಲಿ ಇಂಟರ್‌ಲಾಕಿಂಗಿನ ಕಟ್ಟನ್ನು ತಪ್ಪಿಸಿದ್ದೇ ಇದಕ್ಕೆ ಮೂಲ. ಚಾಲಕನು ಹಳಿಯನ್ನು ಕಣ್ಣಾರೆ ಕಂಡು ಗಾಡಿಯನ್ನು ನಿಲ್ಲಿಸಿದ್ದರಿಂದ ದುರಂತವು ತಪ್ಪಿತು. ನೈಋತ್ಯ ರೈಲ್ವೆಯ ಹಿರಿಯ ಅಧಿಕಾರಿಯೊಬ್ಬರು ಈ ದೋಷವನ್ನು ಕುರಿತು ಮಾರನೆಯ ದಿನವೇ ಎಚ್ಚರಿಕೆಯ ಪತ್ರವನ್ನು ಬರೆದರು. ನಾಲ್ಕು ತಿಂಗಳು ತುಂಬುವುದರೊಳಗೆ, ಜೂನ್ ೨ರಂದು, ಒಡಿಶಾದ ಬಹನಾಗಾ ಬಜಾರ್ ಸ್ಟೇಷನ್ನಿನಲ್ಲಿ ಸಿಗ್ನಲ್ಲಿನ ತಂತಿಗಳನ್ನು ಬದಲಾಯಿಸುವಾಗ ಆದ ತಪ್ಪಿನಿಂದ ಕೋರಮಂಡಲ್ ಎಕ್ಸ್‌ಪ್ರೆಸ್ ಗಾಡಿಯು ನಿಂತ ಗೂಡ್ಸ್ ಗಾಡಿಯ ಹಳಿಗೆ ನುಗ್ಗಿತು. ಬೆಂಗಳೂರಿನಿಂದ ಹೌರಾಕ್ಕೆ ಹೋಗುತ್ತಿದ್ದ ಗಾಡಿಯೂ ಆ ಅಪಘಾತಕ್ಕೆ ಸಿಕ್ಕಿತು. ೨೯೦ಕ್ಕೂ ಹೆಚ್ಚು ಜನರು ಪ್ರಾಣವನ್ನು ಕಳೆದುಕೊಂಡರು.

ಯಂತ್ರದ ಬೀಗವೂ ಮನುಷ್ಯನ ಕೈಯಿಂದಲೇ ಆದುದು. ಮನುಷ್ಯನೇ ಅದನ್ನು ಕಟ್ಟುವನು, ಬಿಚ್ಚುವನು, ರಿಪೇರಿ ಮಾಡುವನು. ಬಳಸುವವನ ತಪ್ಪನ್ನು ತಡೆದ ಬೀಗವು ಕಟ್ಟಿದವನ ತಪ್ಪನ್ನು ಹೊಟ್ಟೆಯಲ್ಲಿಟ್ಟುಕೊಂಡಿರಬಹುದು. ಅಂತಹ ಸಮಯದಲ್ಲಿ ಉಳಿಯುವ ಕಟ್ಟಕಡೆಯ ರಕ್ಷೆಯೆಂದರೆ ಎಚ್ಚತ್ತ ಮನುಷ್ಯನ ಕಣ್ಣು, ಮತ್ತು ಯಂತ್ರವು ‘ಹೋಗು’ ಎಂದರೂ ನಿಲ್ಲಬಲ್ಲ ಅವನ ಸ್ವಾತಂತ್ರ್ಯ. ಹೊಸದುರ್ಗ ರೋಡಿನ ಚಾಲಕನಿಗೆ ಆ ಸ್ವಾತಂತ್ರ್ಯವು ಇಲ್ಲದಿದ್ದರೆ, ಅಥವಾ ಇದ್ದೂ ಬಳಸದೆ ಇರುವಷ್ಟು ಅವನ ಬುದ್ಧಿಯು ಯಂತ್ರಕ್ಕೆ ಒಗ್ಗಿಹೋಗಿದ್ದರೆ, ಆ ದಿನದ ಕಥೆಯೇ ಬೇರೆಯಾಗುತ್ತಿತ್ತು. ಎಲ್ಲವನ್ನೂ ಬೀಗಕ್ಕೆ ಒಪ್ಪಿಸಿದ ಮೇಲೆ ಕಣ್ಣಿಗೆ ಕೆಲಸವಿಲ್ಲ. ಕೆಲಸವಿಲ್ಲದ ಕಣ್ಣು ಬೇಗನೆ ಮಂಕಾಗುವುದು.

ಇನ್ನು ಎರಡನೆಯ ಪಕ್ಷ. ೧೯೮೫ರಿಂದ ೧೯೮೭ರವರೆಗೆ ಅಮೆರಿಕಾ ಮತ್ತು ಕೆನಡಾ ದೇಶಗಳ ಆಸ್ಪತ್ರೆಗಳಲ್ಲಿ ಥೆರಾಕ್-೨೫ ಎಂಬ ವಿಕಿರಣಯಂತ್ರವು ಆರು ಮಂದಿ ರೋಗಿಗಳ ಮೇಲೆ ಅತಿಮಾತ್ರವಾಗಿ ಕಿರಣವನ್ನು ಸುರಿಯಿತು. ಅವರಲ್ಲಿ ಕೆಲವರು ಮೃತರಾದರು. ಅದಕ್ಕೆ ಹಿಂದಿನ ಮಾದರಿಯಲ್ಲಿ ಇದ್ದ ಯಾಂತ್ರಿಕ ತಡೆಗಳನ್ನು ಇದರಲ್ಲಿ ತೆಗೆದು, ತಂತ್ರಾಂಶವನ್ನೇ ನಂಬಿದ್ದರು. ಯಂತ್ರವು ಎಚ್ಚರಿಕೆಯನ್ನೇನೋ ಕೊಡುತ್ತಿತ್ತು. ಆದರೆ ಆ ಎಚ್ಚರಿಕೆಯು ಅರ್ಥವಾಗದ ಒಂದು ಸಂಖ್ಯೆಯಾಗಿ ಕಾಣಿಸುತ್ತಿತ್ತು. ದಿನಕ್ಕೆ ಹಲವು ಸಲ ಅಂತಹ ಸಂಖ್ಯೆಗಳನ್ನು ಕಂಡು ರೂಢಿಯಾಗಿದ್ದ ನೌಕರರು, ‘ಮುಂದುವರಿ’ ಎಂಬರ್ಥದ ಒಂದೇ ಒಂದು ಗುಂಡಿಯನ್ನೊತ್ತಿ ಕೆಲಸವನ್ನು ಸಾಗಿಸುತ್ತಿದ್ದರು. ಎಚ್ಚರಿಕೆ ಕೊಟ್ಟಾಯಿತು, ಇನ್ನು ಹೊಣೆಯು ಬಳಸುವವನದೆಂದು ಕೈತೊಳೆದುಕೊಳ್ಳುವ ರಚನೆಯ ಗತಿಯಿದು. ಅರ್ಥವಾಗದ ಎಚ್ಚರಿಕೆಯು ಎಚ್ಚರಿಕೆಯೇ ಅಲ್ಲ. ಪದೇ ಪದೇ ಬರುವ ಎಚ್ಚರಿಕೆಯು ಗಾಳಿಯ ಸದ್ದಿಗೆ ಸಮಾನ.

ಅಷ್ಟು ದೂರ ಹೋಗಬೇಕಾದುದೂ ಇಲ್ಲ. ಚಿಂಚೋಳಿಗೆ ರೈಲು ಬಂದಿಲ್ಲ; ಮೊಬೈಲ್ ಬಂದಿದೆ. ತೊಗರಿ ಮಾರಿದ ಹಣವು ಇಂದು ಮೊಬೈಲಿನ ಮೂಲಕ ಕೈಸೇರುವುದು, ಮೊಬೈಲಿನ ಮೂಲಕವೇ ಕೈಬಿಡುವುದು. ೨೦೧೬ರಲ್ಲಿ ಮೊದಲಾದ ಯುಪಿಐ ವ್ಯವಸ್ಥೆಯಲ್ಲಿ ಒಬ್ಬನು ಇನ್ನೊಬ್ಬನಿಂದ ಹಣವನ್ನು ಬೇಡುವ ಸೌಕರ್ಯವೊಂದಿತ್ತು. ಬೇಡಿಕೆಯು ಬಂದವನು ತನ್ನ ಗುಟ್ಟಿನ ಪಿನ್ ಸಂಖ್ಯೆಯನ್ನು ಒತ್ತಿದರೆ ಹಣವು ಸಂದಾಯವಾಗುವುದು. ಸ್ನೇಹಿತರು ಊಟದ ಖರ್ಚನ್ನು ಹಂಚಿಕೊಳ್ಳಲು ಇದು ಅನುಕೂಲವಾಗಿತ್ತು. ಆದರೆ ವಂಚಕರು ಇದನ್ನೇ ಬಲೆಯನ್ನಾಗಿ ಮಾಡಿದರು. ‘ನಿಮಗೆ ಹಣ ಬಂದಿದೆ, ಪಡೆಯಲು ಪಿನ್ ಒತ್ತಿ’ ಎಂದು ಫೋನಿನಲ್ಲಿ ನಂಬಿಸಿ, ಕೊಡುವ ಆಜ್ಞೆಯನ್ನು ಪಡೆಯುವ ಆಜ್ಞೆಯೆಂದು ತೋರಿಸಿದರು. ಹಣವನ್ನು ಪಡೆಯುವುದಕ್ಕೆ ಪಿನ್ ಬೇಕಿಲ್ಲವೆಂಬುದನ್ನು ಅರಿಯದವರು ಮೋಸಹೋದರು. ಕಡೆಗೆ ರಾಷ್ಟ್ರೀಯ ಪಾವತಿ ನಿಗಮವು ೨೦೨೫ರ ಅಕ್ಟೋಬರ್ ೧ರಿಂದ ವ್ಯಕ್ತಿ ವ್ಯಕ್ತಿಗಳ ನಡುವಣ ಈ ಬೇಡಿಕೆಯ ಸೌಕರ್ಯವನ್ನು ನಿಲ್ಲಿಸಿತು.

ಇಲ್ಲಿ ಒಂದು ಆಕ್ಷೇಪಣೆಯುಂಟು. ಕೆಲವರು ಮೋಸಹೋದರೆಂದು ಎಲ್ಲರ ಸೌಕರ್ಯವನ್ನು ತೆಗೆದುಬಿಡುವುದು ನ್ಯಾಯವೇ? ಇದಕ್ಕೆ ಸಮಾಧಾನವೇನೆಂದರೆ, ಮೋಸಹೋದವನು ಪಿನ್ ಒತ್ತಿದುದು ಸ್ವಾತಂತ್ರ್ಯದ ಕಾರ್ಯವೇ ಆಗಿರಲಿಲ್ಲ. ತಾನು ಮಾಡುತ್ತಿರುವುದು ಏನೆಂದು ಅರಿತು ಮಾಡಿದರೆ ಸ್ವಾತಂತ್ರ್ಯ. ಅವನು ಪಡೆಯುತ್ತಿದ್ದೇನೆಂದು ತಿಳಿದು ಕೊಟ್ಟನು. ಇಚ್ಛೆಯು ಒಂದು, ಕ್ರಿಯೆಯು ಮತ್ತೊಂದು. ಇಂತಹ ಕಡೆ ಬಾಗಿಲನ್ನು ಮುಚ್ಚಿದರೆ ಅವನ ಇಚ್ಛೆಗೆ ಭಂಗ ಬರುವುದಿಲ್ಲ. ಇಚ್ಛೆಗೆ ವಿರುದ್ಧವಾದ ಕ್ರಿಯೆಯಷ್ಟೆ ತಪ್ಪುವುದು. ಕಳೆದುಹೋದ ಸೌಕರ್ಯವು ಅಲ್ಪ. ಸ್ನೇಹಿತನಿಗೆ ಬೇಕಾದ ಹಣವನ್ನು ಬೇರೆ ಬಗೆಯಲ್ಲಿ ಕಳುಹಿಸಬಹುದು. ಉಳಿದುದಾದರೋ ಒಂದು ಸಂಸಾರದ ವರ್ಷದ ಆದಾಯ.

ಇಷ್ಟರಿಂದ, ಬೀಗವು ಬೇಕೆ ಬೇಡವೆ ಎಂದು ಕೇಳುವುದಕ್ಕಿಂತ, ಬೀಗದ ಕೈಯು ಯಾರಲ್ಲಿರಬೇಕು, ಯಾವ ಕಾರಣಕ್ಕೆ ತೆರೆಯಬೇಕು, ತೆರೆದುದಕ್ಕೆ ಹೊಣೆ ಯಾರು ಎಂದು ಕೇಳುವುದೇ ಸರಿಯಾದ ವಿಚಾರಕ್ರಮವೆಂದು ತೋರುವುದು. ಈ ಕ್ರಮವು ಈ ನೆಲಕ್ಕೆ ಹೊಸದೂ ಅಲ್ಲ. ಶಹಾಬಾದಿನ ಸಮೀಪದ ಮರತೂರು ವಿಜ್ಞಾನೇಶ್ವರನ ಊರೆಂದು ಪ್ರಸಿದ್ಧವಾಗಿದೆ. ಕಲ್ಯಾಣದ ಚಾಲುಕ್ಯ ದೊರೆಯಾದ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಆತನು ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನವು ಶತಮಾನಗಳವರೆಗೆ ಭಾರತದ ಬಹುಭಾಗದಲ್ಲಿ ದಾಯವಿಭಾಗಕ್ಕೆ ಪ್ರಮಾಣವಾಯಿತು. ಪಿತ್ರಾರ್ಜಿತವಾದ ಸ್ಥಿರಾಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕುಂಟೆಂದು ಹೇಳಿ ಆತನು ತಂದೆಯ ಕೈಯನ್ನು ಕಟ್ಟಿದನು. ತಂದೆಯು ತನ್ನಿಚ್ಛೆಯಂತೆ ಅದನ್ನು ಮಾರುವಂತಿಲ್ಲ. ಆದರೆ ಆಪತ್ಕಾಲದಲ್ಲಿ, ಕುಟುಂಬದ ಸಂರಕ್ಷಣೆಗಾಗಿ, ಅವಶ್ಯವಾದ ಧರ್ಮಕಾರ್ಯಕ್ಕಾಗಿ ಒಬ್ಬನೇ ಆದರೂ ಅದನ್ನು ಪರಾಧೀನಮಾಡಬಹುದೆಂದು ಅದೇ ಗ್ರಂಥವು ದಾರಿಯನ್ನೂ ತೆರೆದಿಟ್ಟಿದೆ.

ಈ ವಿಧಿಯಲ್ಲಿ ಮೂರು ಅಂಶಗಳು ಅಡಗಿವೆ. ತಡೆಯನ್ನು ಹಾಕಿದುದು ತಂದೆಯ ಹಿತಕ್ಕಾಗಿ ಅಲ್ಲ, ಅವನ ಕ್ರಿಯೆಯಿಂದ ನಷ್ಟವಾಗತಕ್ಕ ಇತರರ ಹಿತಕ್ಕಾಗಿ. ತಡೆಗೆ ಅಪವಾದವುಂಟು, ಆದರೆ ಅಪವಾದಕ್ಕೆ ಕಾರಣವನ್ನು ತೋರಿಸಬೇಕು. ಕಾರಣವನ್ನು ಮುಂದೆ ಮಕ್ಕಳು ಪ್ರಶ್ನಿಸಬಹುದಾದುದರಿಂದ ತಂದೆಯು ಹೊಣೆಯಿಂದ ತಪ್ಪಿಸಿಕೊಳ್ಳಲಾರನು. ಕವಚದ ಓವರ್‌ರೈಡ್ ಸ್ಥಿತಿಯಲ್ಲಿಯೂ ಈ ಮೂರೂ ಇವೆ: ಕೆಂಪು ಸಿಗ್ನಲಿನ ತಡೆಯು ಪ್ರಯಾಣಿಕರಿಗಾಗಿ, ಅದನ್ನು ದಾಟಲು ಅಧಿಕೃತ ಅನುಮತಿ ಬೇಕು, ಮತ್ತು ದಾಟಿದ ಸಂಗತಿಯು ದಾಖಲೆಯಾಗಿ ಉಳಿಯುವುದು. ಒಂಬೈನೂರು ವರ್ಷಗಳ ಅಂತರವಿದ್ದರೂ ನ್ಯಾಯದೃಷ್ಟಿಯು ಒಂದೇ ಆಗಿದೆ.

ಇದರಿಂದ ಮೊದಲನೆಯ ತತ್ತ್ವವು ಸಿದ್ಧವಾಗುವುದು: ತಡೆಯ ಬಲವು, ತಪ್ಪಿನ ಫಲವನ್ನು ಉಣ್ಣುವವರು ಯಾರೆಂಬುದನ್ನು ಅನುಸರಿಸಿರಬೇಕು. ಫಲವು ಪರರಿಗೆ ತಟ್ಟುವ ಕಡೆ ‘ಆಗದು’ ಎಂಬ ಕಬ್ಬಿಣದ ಮಾತು ಸಲ್ಲುವುದು; ರೈಲಿನ ಚಾಲಕನು ತನ್ನ ಸ್ವಾತಂತ್ರ್ಯವೆಂದು ಕೆಂಪನ್ನು ದಾಟುವಂತಿಲ್ಲ. ಫಲವು ಬಳಸುವವನಿಗೇ ತಟ್ಟುವ ಕಡೆ, ಅವನು ವಿಷಯವನ್ನು ಅರಿತಿದ್ದರೆ, ‘ಕೂಡದು’ ಎಂಬ ಹಿತೋಕ್ತಿಯೇ ಸಾಕು. ಒಬ್ಬನು ತನ್ನ ಮೊಬೈಲಿನಲ್ಲಿ ಯಾವ ಪುಸ್ತಕವನ್ನು ಓದಬೇಕು, ಯಾವ ಲಿಪಿಯಲ್ಲಿ ಬರೆಯಬೇಕು, ಯಾರು ರಚಿಸಿದ ತಂತ್ರಾಂಶವನ್ನು ಹಾಕಿಕೊಳ್ಳಬೇಕು ಎಂಬುದರಲ್ಲೆಲ್ಲ ಕಬ್ಬಿಣದ ಮಾತನ್ನು ಆಡತೊಡಗಿದರೆ ಅದು ರಕ್ಷೆಯಾಗದೆ ಒಡೆತನವಾಗುವುದು.

ಎರಡನೆಯ ತತ್ತ್ವವನ್ನು ಈ ಸೀಮೆಯ ಕಾರ್ಖಾನೆಗಳಲ್ಲಿ ಕಾಣಬಹುದು. ವಾಡಿ, ಸೇಡಂ, ಚಿತ್ತಾಪುರ, ಶಹಾಬಾದಗಳ ಸುಣ್ಣಕಲ್ಲಿನ ನೆಲದಲ್ಲಿ ಸಿಮೆಂಟಿನ ಕೈಗಾರಿಕೆಯು ಬೆಳೆದಿದೆ. ಕಲ್ಲನ್ನು ಸಾಗಿಸುವ ಉದ್ದನೆಯ ಬೆಲ್ಟುಗಳ ಪಕ್ಕದಲ್ಲಿ ಒಂದು ಹಗ್ಗವನ್ನು ಎಳೆದಿಡುವುದು ಇಂತಹ ಕೈಗಾರಿಕೆಯ ಪದ್ಧತಿ. ಕೂಲಿಯವನಿಂದ ಮೊದಲ್ಗೊಂಡು ಎಂಜಿನಿಯರನವರೆಗೆ ಯಾರು ಬೇಕಾದರೂ ಆ ಹಗ್ಗವನ್ನು ಜಗ್ಗಿ ಬೆಲ್ಟನ್ನು ನಿಲ್ಲಿಸಬಹುದು, ಅಪ್ಪಣೆ ಬೇಕಿಲ್ಲ. ಮತ್ತೆ ನಡೆಯಿಸುವುದಕ್ಕಾದರೋ ಕ್ರಮವುಂಟು, ತಪಾಸಣೆಯುಂಟು. ಯಂತ್ರದೊಳಗೆ ಇಳಿದು ರಿಪೇರಿ ಮಾಡುವವನು ವಿದ್ಯುತ್ತಿನ ಸ್ವಿಚ್ಚಿಗೆ ತನ್ನ ಸ್ವಂತ ಬೀಗವನ್ನು ಹಾಕಿ ಬೀಗದ ಕೈಯನ್ನು ತನ್ನ ಜೇಬಿನಲ್ಲಿಟ್ಟುಕೊಂಡು ಇಳಿಯುವುದು ಸುರಕ್ಷತೆಯ ಇನ್ನೊಂದು ಪದ್ಧತಿ. ಅವನು ಹೊರಬಂದು ತೆರೆಯುವವರೆಗೆ ಯಂತ್ರವು ತಿರುಗದು.

ಈ ಎರಡು ಪದ್ಧತಿಗಳ ಹಿಂದೆ ಇರುವ ವಿವೇಕವು ಬಹಳ ಬೆಲೆಯುಳ್ಳದು. ನಿಲ್ಲಿಸುವ ಸ್ವಾತಂತ್ರ್ಯವು ಎಲ್ಲರದಾಗಿರಬೇಕು. ನಡೆಯಿಸುವ ಸ್ವಾತಂತ್ರ್ಯವು ಹೊಣೆಹೊತ್ತವನದಾಗಿರಬೇಕು. ಮತ್ತು ಪ್ರಾಣವು ಯಾರದು ಪಣಕ್ಕೆ ಬಿದ್ದಿದೆಯೋ ಬೀಗದ ಕೈಯು ಅವನ ಜೇಬಿನಲ್ಲಿರಬೇಕು. ತಂತ್ರಾಂಶಕ್ಕೆ ಇದನ್ನು ಅನ್ವಯಿಸಿದರೆ ಅನೇಕ ತೊಡಕುಗಳು ಬಿಡಿಸಿಕೊಳ್ಳುವವು. ಖಾತೆಯನ್ನು ತೆರೆಯುವುದು ಸುಲಭವಾಗಿಯೂ ಮುಚ್ಚುವುದು ಕಷ್ಟವಾಗಿಯೂ ಇರುವ ತಂತ್ರಾಂಶವು ಈ ತತ್ತ್ವಕ್ಕೆ ವಿರುದ್ಧ. ಹಣವನ್ನು ಕಳುಹಿಸಲು ಒಂದೇ ಒತ್ತು, ತಡೆಯಲು ಹತ್ತು ಮೆಟ್ಟಲು ಎಂಬ ರಚನೆಯು ವಿರುದ್ಧ. ಬೇಡವೆಂದು ಹೇಳುವುದೂ, ಹಿಂದಕ್ಕೆ ಬರುವುದೂ, ಬಿಟ್ಟುಹೋಗುವುದೂ ನಿಲ್ಲಿಸುವ ಸ್ವಾತಂತ್ರ್ಯದ ರೂಪಗಳೇ ಆಗಿವೆ; ಅವನ್ನು ಕಿತ್ತುಕೊಂಡು ಯಾರೂ ರಕ್ಷಕರಾಗಲಾರರು.

೨೦೨೫ರ ನವೆಂಬರ್ ೨೮ರಂದು ಕೇಂದ್ರ ದೂರಸಂಪರ್ಕ ಇಲಾಖೆಯು ಹೊರಡಿಸಿದ ಆದೇಶವೊಂದನ್ನು ಈ ಒರೆಗಲ್ಲಿಗೆ ತಿಕ್ಕಿ ನೋಡಬಹುದು. ಕಳುವಾದ ಮತ್ತು ನಕಲಿ ಮೊಬೈಲುಗಳನ್ನು ಪತ್ತೆಹಚ್ಚಲೂ ವಂಚನೆಯನ್ನು ವರದಿಮಾಡಲೂ ನೆರವಾಗುವ ‘ಸಂಚಾರ ಸಾಥಿ’ ಎಂಬ ತಂತ್ರಾಂಶವನ್ನು ಮಾರಾಟದ ಮೊದಲೇ ಎಲ್ಲ ಮೊಬೈಲುಗಳಲ್ಲಿ ಇಡಬೇಕೆಂದೂ ಅದರ ಕೆಲಸಗಳನ್ನು ನಿಷ್ಕ್ರಿಯಗೊಳಿಸಲು ಬಾರದಂತಿರಬೇಕೆಂದೂ ತಯಾರಕರಿಗೆ ಅದರಲ್ಲಿ ವಿಧಿಸಲಾಗಿತ್ತು. ಉದ್ದೇಶವು ಒಳ್ಳೆಯದೆಂಬುದರಲ್ಲಿ ವಿವಾದವಿಲ್ಲ. ಆದರೆ ತೆಗೆಯಲಾಗದ ಕಾವಲುಗಾರನನ್ನು ಪ್ರತಿಯೊಬ್ಬನ ಮನೆಯೊಳಗೆ ಕೂರಿಸಿದಂತಾಗುವುದೆಂದು ದೇಶದಲ್ಲೆಲ್ಲ ಆಕ್ಷೇಪಣೆಯೆದ್ದಿತು. ಡಿಸೆಂಬರ್ ೩ರಂದು ಸರಕಾರವು ಆ ಕಡ್ಡಾಯವನ್ನು ಹಿಂತೆಗೆದುಕೊಂಡಿತು. ತಂತ್ರಾಂಶವು ಹೋಗಲಿಲ್ಲ, ಬೇಕೆಂದವನು ಈಗಲೂ ಅದನ್ನು ಹಾಕಿಕೊಂಡು ಪ್ರಯೋಜನವನ್ನು ಪಡೆಯಬಹುದು. ಹೋದುದು ಕಡ್ಡಾಯವಷ್ಟೆ. ಬೇಡವೆನ್ನುವ ದಾರಿಯು ತೆರೆದಿದ್ದರೆ ರಕ್ಷೆಯು ಉಪಕಾರವೆನಿಸುವುದು. ಮುಚ್ಚಿದ್ದರೆ ಅದೇ ರಕ್ಷೆಯು ಸಂದೇಹಕ್ಕೆ ಎಡೆಯಾಗುವುದು.

ಅದೇ ವರ್ಷದ ಆಗಸ್ಟ್ ತಿಂಗಳಲ್ಲಿ ಗೂಗಲ್ ಕಂಪನಿಯು ಇನ್ನೊಂದು ಪ್ರಕಟಣೆಯನ್ನು ಮಾಡಿತು. ತನ್ನಲ್ಲಿ ಗುರುತನ್ನು ಸ್ಥಾಪಿಸಿಕೊಂಡವರ ತಂತ್ರಾಂಶವನ್ನು ಮಾತ್ರ ಆಂಡ್ರಾಯ್ಡ್ ಮೊಬೈಲುಗಳಲ್ಲಿ ಹಾಕಿಕೊಳ್ಳಲು ಬಿಡುವೆವೆಂದೂ, ೨೦೨೬ರ ಸೆಪ್ಟೆಂಬರಿನಿಂದ ನಾಲ್ಕು ದೇಶಗಳಲ್ಲಿ ಇದನ್ನು ಆರಂಭಿಸುವೆವೆಂದೂ ಅದು ತಿಳಿಸಿತು. ವಂಚಕರ ತಂತ್ರಾಂಶವನ್ನು ತಡೆಯುವುದು ಇದರ ಉದ್ದೇಶ. ಸ್ವತಂತ್ರವಾಗಿ ತಂತ್ರಾಂಶವನ್ನು ರಚಿಸಿ ಹಂಚುವವರು ಇದನ್ನು ಬಲವಾಗಿ ವಿರೋಧಿಸಿದರು. ನವೆಂಬರಿನಲ್ಲಿ ಕಂಪನಿಯು, ಅಪಾಯವನ್ನು ಅರಿತು ಒಪ್ಪುವ ಅನುಭವಸ್ಥರಿಗೆ ಪ್ರತ್ಯೇಕವಾದ ದಾರಿಯೊಂದನ್ನು ಇಡುವುದಾಗಿ ಹೇಳಿತು; ವಂಚಕನು ಫೋನಿನಲ್ಲಿ ಅವಸರಪಡಿಸುತ್ತಿರುವಾಗ ಮನುಷ್ಯನು ಆ ದಾರಿಗೆ ಬಲವಂತದಿಂದ ನುಗ್ಗದಂತೆ ಅದನ್ನು ರಚಿಸುವುದಾಗಿಯೂ ತಿಳಿಸಿತು. ಈ ಎರಡನೆಯ ಮಾತಿನಲ್ಲಿ ವಿವೇಕವಿದ್ದಂತೆ ತೋರುವುದು. ಭಯದಿಂದ ಮಾಡಿದ ಒಪ್ಪಿಗೆಯು ಒಪ್ಪಿಗೆಯಲ್ಲ. ಬೆದರಿದವನಿಗೆ ಬೇಕಾದುದು ಕೊಂಚ ಕಾಲಾವಕಾಶ. ಬಾಗಿಲನ್ನು ಗೋಡೆಮಾಡದೆ ಸ್ವಲ್ಪ ನಿಧಾನವಾಗಿ ತೆರೆಯುವಂತೆ ಮಾಡಿದರೆ ವಂಚಕನ ಅವಸರವು ಸೋಲುವುದು, ಅರಿತವನ ಇಚ್ಛೆಯು ಉಳಿಯುವುದು.

ಮೂರನೆಯ ತತ್ತ್ವವು ಬೀಗವನ್ನು ಮಾಡುವವನಿಗೆ ಸಂಬಂಧಪಟ್ಟುದು. ಇನ್ನೊಬ್ಬರ ಕೈಯನ್ನು ಕಟ್ಟುವವನು ತಾನೂ ಕಟ್ಟಿಗೆ ಒಳಪಟ್ಟಿರಬೇಕು. ಯಾವ ಕಾರಣಕ್ಕೆ ಈ ತಡೆಯನ್ನು ಇಟ್ಟೆನೆಂಬುದನ್ನು ಅವನು ಜನರಿಗೆ ತಿಳಿಯುವ ಭಾಷೆಯಲ್ಲಿ ಹೇಳಬೇಕು. ಕಲಬುರಗಿ ಸೀಮೆಯವನಿಗೆ ಎಚ್ಚರಿಕೆಯು ಇಂಗ್ಲಿಷಿನಲ್ಲಿ ಬಂದರೆ ಅದು ಥೆರಾಕ್ ಯಂತ್ರದ ಸಂಖ್ಯೆಗಿಂತ ಹೆಚ್ಚಿನದೇನೂ ಆಗಲಾರದು. ತಡೆಯು ತಪ್ಪಾಗಿ ಬಿದ್ದು ನಿರಪರಾಧಿಯ ಕೆಲಸವು ನಿಂತರೆ ಕೇಳಿಕೊಳ್ಳುವುದಕ್ಕೆ ಒಬ್ಬ ಮನುಷ್ಯನಿರಬೇಕು. ತಡೆಯಿಂದ ಬಳಸುವವನಿಗೆ ಆಗುವ ಲಾಭಕ್ಕಿಂತ ರಚಿಸಿದವನಿಗೆ ಆಗುವ ಲಾಭವೇ ಹೆಚ್ಚಾಗಿದ್ದರೆ ಅದನ್ನು ರಕ್ಷೆಯೆಂದು ಕರೆಯುವುದು ಅಪ್ರಾಮಾಣಿಕತೆ. ರೈಲಿನಲ್ಲಿ ಅಪಘಾತವಾದರೆ ರೈಲು ಸುರಕ್ಷತಾ ಆಯುಕ್ತರ ವಿಚಾರಣೆಯುಂಟು. ಬೀಗವನ್ನು ಕಟ್ಟಿದವನೂ ಅಲ್ಲಿ ಉತ್ತರ ಹೇಳಬೇಕಾಗುವುದು. ಮೊಬೈಲಿನ ಬೀಗಗಳನ್ನು ಮಾಡುವವರಿಗೂ ಅಂತಹದೊಂದು ವಿಚಾರಣೆಯ ಪೀಠವು ಇರುವುದು ಅವಶ್ಯವೇ ಆಗಿದೆ.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಕಷ್ಟವು ಉಳಿಯುವುದು. ಅದನ್ನು ಮುಚ್ಚಿಡುವುದು ಸರಿಯಲ್ಲ. ಪರರಿಗೆ ತಟ್ಟುವ ಫಲವನ್ನೂ ತನಗೇ ತಟ್ಟುವ ಫಲವನ್ನೂ ಯಾವಾಗಲೂ ಬೇರ್ಪಡಿಸಲು ಬಾರದು. ಮನೆಯ ಯಜಮಾನನು ಮೋಸಹೋದರೆ ಮಡದಿ ಮಕ್ಕಳೂ ಬಳಲುವರು. ಅರಿತವನು ಯಾರು, ಅರಿಯದವನು ಯಾರು ಎಂಬುದನ್ನು ಯಂತ್ರವು ಮುಖ ನೋಡಿ ತಿಳಿಯಲಾರದು. ಅರಿತವನಿಗೆ ಇಟ್ಟ ದಾರಿಯಲ್ಲಿ ಅರಿಯದವನೂ ಹೋಗುವನು. ಆದುದರಿಂದ ಈ ತಕ್ಕಡಿಯು ಒಂದೇ ಸಲ ತೂಗಿ ಕೆಳಗಿಡತಕ್ಕುದಲ್ಲ. ಹೊಸ ಬಗೆಯ ವಂಚನೆ ಬಂದಾಗ ತಡೆಯು ಹೆಚ್ಚಬೇಕಾಗುವುದು. ಜನರಲ್ಲಿ ತಿಳಿವಳಿಕೆಯು ಬೆಳೆದಾಗ ಅದೇ ತಡೆಯು ಸಡಿಲಬೇಕಾಗುವುದು. ಹೆಚ್ಚಿಸುವುದಕ್ಕೆ ಮಾತ್ರ ಉತ್ಸಾಹವಿದ್ದು ಸಡಿಲಿಸುವುದಕ್ಕೆ ಇಲ್ಲದಿರುವುದು ಅಧಿಕಾರದ ಸಹಜದೋಷ. ಅದನ್ನು ಜನರೇ ಎಚ್ಚರದಿಂದ ನೋಡಿಕೊಳ್ಳಬೇಕು.

ಸೇಡಂ, ಚಿತ್ತಾಪುರ, ಶಹಾಬಾದ, ಚಿಂಚೋಳಿಗಳ ಎಷ್ಟೋ ಮಂದಿ ತರುಣರು ಇಂದು ಬೆಂಗಳೂರು ಹೈದರಾಬಾದುಗಳಲ್ಲಿ ತಂತ್ರಾಂಶವನ್ನು ಬರೆಯುವ ವೃತ್ತಿಯಲ್ಲಿದ್ದಾರೆ. ಅವರು ಬರೆಯುವ ಒಂದೊಂದು ಸಾಲೂ ಎಲ್ಲಿಯೋ ಒಬ್ಬನ ಕೈಯನ್ನು ಕಟ್ಟುವುದು ಅಥವಾ ಬಿಡುವುದು. ಆ ಕೈಯು ದೂರದ ಅಪರಿಚಿತನದಾಗಿರಬಹುದು. ಊರಿನಲ್ಲಿ ತೊಗರಿಯ ಹಣಕ್ಕಾಗಿ ಮೊಬೈಲನ್ನು ಹಿಡಿದು ಕಾದಿರುವ ಅವರ ತಂದೆಯದೇ ಆಗಿರಬಹುದು. ಇಬ್ಬರಿಗೂ ಒಂದೇ ನ್ಯಾಯವು ಸಲ್ಲಬೇಕು. ತಂದೆಯು ಮೋಸಹೋಗದಂತೆ ಕಾಯುವ ಪ್ರೀತಿಯೂ, ತಂದೆಯು ತನ್ನ ವಿಷಯದಲ್ಲಿ ತಾನೇ ನಿರ್ಣಯಿಸಬಲ್ಲ ಹಿರಿಯನೆಂಬ ಗೌರವವೂ ಒಂದೇ ಮನಸ್ಸಿನಲ್ಲಿ ಇರಲು ಸಾಧ್ಯ. ಒಳ್ಳೆಯ ಮಕ್ಕಳಲ್ಲಿ ಅದು ಇದ್ದೇ ಇರುವುದು. ತಂತ್ರಾಂಶವನ್ನು ರಚಿಸುವವನಿಗೆ ಬೇಕಾದ ಧರ್ಮವು ಅದಕ್ಕಿಂತ ಬೇರೆಯಾದುದಲ್ಲ.